ಮೊದಲ ದೊಡ್ಡ ಹಿಮ ಬಿದ್ದ ದಿನ ಊರನ್ನು ಬಲವಂತವಾಗಿ ಓಡಿಸಬೇಡಿ

ಹಿಮ ಬೀಳುವ ಊರುಗಳ ಆಡಳಿತ ನೋಡಿಕೊಳ್ಳುವವರಿಗೂ, ಆ ಊರುಗಳಲ್ಲಿ ಬದುಕುವ ಎಲ್ಲರಿಗೂ,

ಮಾನ್ಯರೇ,

ಚಳಿಗಾಲದ ಮೊದಲ ದೊಡ್ಡ ಹಿಮ ಇಂಥ ದಿನವೇ ಬೀಳುತ್ತದೆ ಅಂತ ತಿಂಗಳ ಮುಂಚೆ ಯಾರೂ ಹೇಳಲಾರರು. ಆದರೆ ಬೀಳುವುದಂತೂ ಖಂಡಿತ. ಹಿಂದಿನ ದಿನ ಸಂಜೆಯ ಹೊತ್ತಿಗೆ ಹವಾಮಾನದವರು ಹೆಚ್ಚುಕಮ್ಮಿ ಸರಿಯಾಗಿಯೇ ಹೇಳಿರುತ್ತಾರೆ. ಇಷ್ಟಾದರೂ ಪ್ರತಿ ವರ್ಷ ಅದೇ ಕಥೆ. ಏರಿನಲ್ಲಿ ಬಸ್ಸು ಅಡ್ಡ ನಿಂತಿರುತ್ತದೆ. ಅದರ ಹಿಂದೆ ಕಾರುಗಳ ಸಾಲು. ಹಿಮ ಸರಿಸಬೇಕಾದ ಗಾಡಿ ಆ ಸಾಲಿನ ತುದಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಪಕ್ಕದ ದಿಬ್ಬದ ಮೇಲೆ ಮಾತ್ರ ಮಕ್ಕಳು ಕೇಕೆ ಹಾಕುತ್ತಾ ಜಾರುತ್ತಿರುತ್ತಾರೆ.

ಗೋಳು, ಸಂಭ್ರಮ ಎರಡೂ ಒಂದೇ ಬೆಳಗಿನವು. ಸಂಭ್ರಮಪಡುವವರು ಅವತ್ತು ನಿಂತವರು. ಗೋಳಾಡುವವರು ಅವತ್ತೂ ದಿನದಂತೆ ಓಡಲು ಹೊರಟವರು, ಅಥವಾ ಓಡಲೇಬೇಕಾಗಿ ಬಂದವರು. ನನ್ನ ಕೋರಿಕೆ ಇಷ್ಟೇ: ಆ ವರ್ಷದ ಮೊದಲ ದೊಡ್ಡ ಹಿಮದ ದಿನಕ್ಕೆ ಬೇರೆಯದೇ ವ್ಯವಸ್ಥೆ ಮಾಡಿ. ಆ ಒಂದು ದಿನ ಊರು ನಿಲ್ಲಲಿ. ಅದನ್ನು ಹಿಂದಿನ ಸಂಜೆಯೇ ಹೇಳಿಬಿಡಿ.

ಆಮೇಲೂ ಹಿಮ ಬೀಳುತ್ತದಲ್ಲ, ಮೊದಲನೆಯದಕ್ಕೇ ಯಾಕೆ ಇಷ್ಟು ಮರ್ಯಾದೆ ಅಂತ ನೀವು ಕೇಳಬಹುದು. ಕಾರಣ ಇದೆ. ಅಮೆರಿಕದ 1975ರಿಂದ 2000ರವರೆಗಿನ ರಸ್ತೆ ಅಪಘಾತಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹಿಮದ ದಿನಗಳಲ್ಲಿ ಡಿಕ್ಕಿ ಜಾಸ್ತಿ, ಗಾಯ ಜಾಸ್ತಿ. ಆದರೆ ಪ್ರಾಣ ಹೋಗುವ ಅಪಘಾತ ಒಣ ದಿನಗಳಿಗಿಂತ ಕಡಿಮೆ. ಜನ ಹೆದರಿ ನಿಧಾನಕ್ಕೆ ಓಡಿಸುತ್ತಾರೆ ಅಲ್ವಾ, ಅದಕ್ಕೇ ಇರಬೇಕು. ಮೊದಲ ಹಿಮದ ದಿನ ಮಾತ್ರ ಈ ಸಮಾಧಾನ ಇಲ್ಲ. ಉಳಿದ ಹಿಮದ ದಿನಗಳಿಗೆ ಹೋಲಿಸಿದರೆ ಅವತ್ತು ಸಾವು ಹೆಚ್ಚು. ಅದರಲ್ಲೂ ವಯಸ್ಸಾದ ಚಾಲಕರಿಗೆ ಅದು ಬಹಳ ಅಪಾಯದ ದಿನ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಎಂಟೊಂಬತ್ತು ತಿಂಗಳು ಒಣ ರಸ್ತೆಯಲ್ಲಿ ಓಡಿಸಿದ ಕಾಲಿಗೆ ಬ್ರೇಕ್ ಮೆಲ್ಲಗೆ ಒತ್ತುವ ಅಭ್ಯಾಸ ತಪ್ಪಿರುತ್ತದೆ. ಟೈರು ಬದಲಿಸಲು ಎಷ್ಟೋ ಜನ ಮೊದಲ ಹಿಮಕ್ಕೇ ಕಾದಿರುತ್ತಾರೆ. ಬೇಸಿಗೆ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿಗಿಯುತ್ತಾ ಹೋಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಇದರ ಜೊತೆಗೆ ನೆಲದ ಆಟವೂ ಇದೆ. ಋತುವಿನ ಆರಂಭದಲ್ಲಿ ರಸ್ತೆಯಲ್ಲಿ ಇನ್ನೂ ಶಾಖ ಉಳಿದಿರುತ್ತದೆ. ಮೊದಲು ಬಿದ್ದ ಹಿಮ ಕರಗಿ ನೀರಾಗುತ್ತದೆ. ಚಳಿ ಏರಿದಾಗ ಆ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಮತ್ತೆ ಹಿಮ ಕೂರುತ್ತದೆ. ಮೇಲಿಂದ ನೋಡಿದರೆ ಮೆತ್ತಗೆ, ಬೆಳ್ಳಗೆ. ಅಡಿಯಲ್ಲಿರುವ ಗಾಜು ಕಣ್ಣಿಗೆ ಬೀಳುವುದೇ ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟೈರು ಕಡ್ಡಾಯ. ಹಿಮ ಬಿದ್ದಿದೆಯೋ ಇಲ್ಲವೋ, ತಾರೀಕು ಬಂದರೆ ಸಾಕು. ಇಂಥ ನಿಯಮ ಎಲ್ಲ ಹಿಮದೂರುಗಳಲ್ಲೂ ಇರಬೇಕು ಅನ್ನುವವನು ನಾನು. ಟೈರು ಬದಲಿಸುವ ದಿನವನ್ನು ಅವರವರ ಲಹರಿಗೆ ಬಿಟ್ಟರೆ ಮೊದಲ ಹಿಮದ ಬೆಳಿಗ್ಗೆ ಅರ್ಧ ಊರು ಬೇಸಿಗೆ ಟೈರಿನಲ್ಲೇ ಬೀದಿಗಿಳಿಯುತ್ತದೆ.

ಆಡಳಿತದವರು ಅಮೆರಿಕದ ದಕ್ಷಿಣದಲ್ಲಿರುವ ಅಟ್ಲಾಂಟಾ ನಗರದ ಕಥೆಯನ್ನು ಪ್ರತಿ ಚಳಿಗಾಲದ ಮುಂಚೆ ಒಮ್ಮೆ ಓದಿಕೊಳ್ಳಬೇಕು. 2014ರ ಜನವರಿ 28. ಅಲ್ಲಿ ಬಿದ್ದದ್ದು ಸುಮಾರು 5 ಸೆಂಟಿಮೀಟರ್ ಹಿಮ. ಉತ್ತರದ ಊರುಗಳವರು ತಲೆಯನ್ನೂ ಎತ್ತಿ ನೋಡದಷ್ಟು. ಹಿಮ ಶುರುವಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ಶಾಲೆ, ಕಚೇರಿ, ಕಂಪನಿ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬಿಟ್ಟವು. ಇಡೀ ಮಹಾನಗರ ಒಂದೇ ಗಳಿಗೆಯಲ್ಲಿ ಮನೆಗೆ ಹೊರಟಿತು. ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಚೆಲ್ಲುವ ಲಾರಿಗಳು ಅದೇ ಜಂಗುಳಿಯಲ್ಲಿ ಸಿಕ್ಕಿಬಿದ್ದವು. ಉಪ್ಪು ಬೀಳದ ರಸ್ತೆ ಮಂಜುಗಡ್ಡೆಯಾಯಿತು. ಜನ ರಾತ್ರಿಯಿಡೀ ಕಾರಿನಲ್ಲಿ ಕೂತರು. ಕೆಲವರು ಹೆದ್ದಾರಿಯಲ್ಲೇ ಕಾರು ಬಿಟ್ಟು ನಡೆದು ಹೋದರು. ಸಾವಿರಾರು ಮಕ್ಕಳು ಶಾಲೆಯಲ್ಲೇ ಮಲಗಿದರು, ಕೆಲವರು ಶಾಲಾ ಬಸ್ಸುಗಳಲ್ಲಿ ಸಿಕ್ಕಿಕೊಂಡರು. ಹೆದ್ದಾರಿಯ ಮೇಲೆ ಕಾರಿನೊಳಗೇ ಒಬ್ಬ ತಾಯಿಗೆ ಹೆರಿಗೆಯಾಯಿತು.

ಅವತ್ತು ಗುರುತಿಲ್ಲದವರಿಗೆ ಜನ ಮನೆ ಬಾಗಿಲು ತೆರೆದರು. ಅಂಗಡಿಗಳವರು ರಾತ್ರಿ ಮಲಗಲು ಜಾಗ ಕೊಟ್ಟರು. ಜನರ ಒಳ್ಳೆಯತನಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹಿಂದಿನ ಸಂಜೆಯ ಒಂದು ನಿರ್ಧಾರದ್ದು. ಇದಕ್ಕೆ ಸಾಕ್ಷಿಯೂ ಅದೇ ಊರಲ್ಲೇ ಇದೆ. ಎರಡು ವಾರ ಕಳೆದು ಫೆಬ್ರವರಿಯಲ್ಲಿ ಹಿಮ, ಮಂಜುಗಡ್ಡೆ ಮತ್ತೆ ಬಂದವು. ಈ ಸಲ ಮೊದಲೇ ಎಚ್ಚರಿಕೆ ಕೊಟ್ಟರು. ಜನ ಮನೆಯಲ್ಲೇ ಉಳಿದರು. ಕರೆಂಟು ಹೋಯಿತು, ಮರಗಳು ಮುರಿದವು, ಕಷ್ಟ ಇಲ್ಲದೇ ಇರಲಿಲ್ಲ. ಆದರೆ ರಸ್ತೆಗಳು ಖಾಲಿ ಇದ್ದವು. ಕೆಲಸದ ಗಾಡಿಗಳಿಗೆ ದಾರಿ ಸಿಕ್ಕಿತು.

ಹಾಗಾಗಿ ಅರ್ಧ ದಿನ ನಡೆಸಿ ಆಮೇಲೆ ಬಿಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಅದು ಪೂರ್ತಿ ದಿನ ನಡೆಸುವುದಕ್ಕಿಂತಲೂ ಕೆಟ್ಟದ್ದು. ಬೆಳಿಗ್ಗೆ ಎಲ್ಲರನ್ನೂ ಮನೆಯಿಂದ ಹೊರಗೆ ತಂದು, ಹಿಮ ಜೋರಾದಾಗ ಎಲ್ಲರನ್ನೂ ಒಟ್ಟಿಗೆ ರಸ್ತೆಗೆ ಬಿಟ್ಟಂತಾಗುತ್ತದೆ. ಅನಿವಾರ್ಯವಾಗಿ ಬಿಡಲೇಬೇಕಾದರೆ ಹಂತಹಂತವಾಗಿ ಬಿಡಿ. ಚಿಕ್ಕ ಮಕ್ಕಳು ಮೊದಲು, ಆಮೇಲೆ ದೂರದಿಂದ ಬರುವವರು, ಹೀಗೆ.

ಸಂಭ್ರಮಕ್ಕೂ ಕಾವಲು ಬೇಕು. ಇದನ್ನು ಹೇಳುವಾಗ ಮರ್ರಿ ನೆನಪಾಗುತ್ತದೆ. ಪಾಕಿಸ್ತಾನದ ಇಸ್ಲಾಮಾಬಾದಿಗೆ ಹತ್ತಿರದ ಗಿರಿಧಾಮ. 2022ರ ಜನವರಿಯ ಮೊದಲ ವಾರದ ಕೊನೆಗೆ ಹಿಮ ನೋಡಲು ಅಲ್ಲಿಗೆ ಸಾವಿರಾರು ವಾಹನಗಳಲ್ಲಿ ಜನ ಹೋದರು. ಮಕ್ಕಳನ್ನು ಕರೆದುಕೊಂಡು, ನಗುನಗುತ್ತಾ ಹೋದವರು. ಬೆಟ್ಟದ ರಸ್ತೆ ತುಂಬಿಹೋಯಿತು, ಮರಗಳು ಬಿದ್ದವು, ಹಿಮ ನಿಲ್ಲಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಕಾರುಗಳೊಳಗೆ 20ಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಎಲ್ಲರನ್ನೂ ಕೊಂದದ್ದು ಚಳಿಯೇ ಅಲ್ಲ. ಹೀಟರಿಗಾಗಿ ಎಂಜಿನ್ ಓಡುತ್ತಿತ್ತು, ಹೊಗೆ ಕೊಳವೆ ಹಿಮದಲ್ಲಿ ಹೂತಿತ್ತು, ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿತು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದ ಹಾಗೆ ಆಗುತ್ತದೆ, ಅಷ್ಟೇ.

ಇದನ್ನು ಓದುತ್ತಿರುವ ಪ್ರತಿಯೊಬ್ಬರೂ ಒಂದು ಮಾತು ನೆನಪಿಟ್ಟುಕೊಳ್ಳಿ. ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಮೊದಲು ಇಳಿದು ಹಿಂದೆ ಹೋಗಿ, ಹೊಗೆ ಕೊಳವೆಯ ಸುತ್ತ ಇರುವ ಹಿಮವನ್ನು ಕೈಯಿಂದಲಾದರೂ ಕೆರೆದು ತೆಗೆಯಿರಿ. ಗಂಟೆಗೆ ಹತ್ತು ನಿಮಿಷದಷ್ಟು ಮಾತ್ರ ಎಂಜಿನ್ ಓಡಿಸಿ. ಆಗ ಒಂದು ಕಿಟಕಿ ಬೆರಳು ತೂರುವಷ್ಟು ತೆರೆದಿರಲಿ. ಹಿಮ ಬೀಳುತ್ತಲೇ ಇದ್ದರೆ ಮತ್ತೆ ಮತ್ತೆ ಇಳಿದು ಕೊಳವೆ ನೋಡಬೇಕು. ಮನೆ ಮುಂದೆ ನಿಂತ ಕಾರಿಗೂ ಇದೇ ಮಾತು. ಅಪ್ಪ ಹೊರಗೆ ಹಿಮ ಕೆದಕುತ್ತಿರುತ್ತಾರೆ, ಮಕ್ಕಳು ಬೆಚ್ಚಗಿರಲಿ ಅಂತ ಓಡುವ ಕಾರಿನಲ್ಲಿ ಕೂರಿಸಿರುತ್ತಾರೆ. ಹಾಗೆ ಮಾಡಲೇಬೇಡಿ. ಆಡಳಿತದವರಿಗೆ ಹೇಳುವುದು: ಬೆಟ್ಟದ ರಸ್ತೆಗೆ ಎಷ್ಟು ಗಾಡಿ ಹಿಡಿಯುತ್ತದೆ ಅನ್ನುವುದು ನಿಮಗೆ ಗೊತ್ತು. ಅಷ್ಟಾದ ಮೇಲೆ ಗೇಟು ಹಾಕಿ. ಬೈಸಿಕೊಂಡರೂ ಪರವಾಗಿಲ್ಲ.

ಇನ್ನು ನಡೆಯುವವರ ವಿಷಯ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದು.

ಹಿಮ ಸರಿಸುವ ಗಾಡಿ ರಸ್ತೆಯ ನಡುವಿನ ಹಿಮವನ್ನು ಬದಿಗೆ ತಳ್ಳುತ್ತಾ ಹೋಗುತ್ತದೆ. ಬದಿ ಅಂದರೆ ಫುಟ್‌ಪಾತ್. ರಸ್ತೆ ದಾಟುವ ಮೂಲೆಯಲ್ಲಿ ಎರಡು ಕಡೆಯ ಹಿಮ ಸೇರಿ ಮೊಣಕಾಲೆತ್ತರದ ದಂಡೆಯಾಗುತ್ತದೆ. ಅದು ಆಕಾಶದಿಂದ ಬಿದ್ದ ಹಗುರ ಹಿಮ ಅಲ್ಲ. ಮಣ್ಣು, ಉಪ್ಪು, ಕೆಸರು ಕಲಸಿದ ಬೂದು ಮುದ್ದೆ. ಸಂಜೆ ಅದು ರಸ್ತೆಗೆ ಅಂಟಿಕೊಂಡು ಕಲ್ಲಾಗುತ್ತದೆ. ಅದರಾಚೆ ನುಣ್ಣಗೆ ಕೆರೆದ ರಸ್ತೆ, ಕಾರುಗಳು ಸಲೀಸಾಗಿ ಓಡುತ್ತಿರುತ್ತವೆ. ಈಚೆ ಒಬ್ಬ ತಾಯಿ ಮಗುವಿನ ತಳ್ಳುಗಾಡಿಯನ್ನು ಎತ್ತಿ ದಾಟಿಸಲು ನೋಡುತ್ತಿರುತ್ತಾಳೆ. ಮುಂದಿನ ಚಕ್ರಗಳು ದಂಡೆಯ ಆಚೆ, ಹಿಂದಿನವು ಈಚೆ, ಗಾಡಿ ನಡುವೆ ತೊಟ್ಟಿಲಿನಂತೆ ಓಲಾಡುತ್ತದೆ. ಕೋಲು ಹಿಡಿದ ಅಜ್ಜ ಕೋಲನ್ನು ಹಿಮದೊಳಗೆ ಊರುತ್ತಾರೆ. ಅದು ಮೊಳದುದ್ದ ಒಳಗೆ ಇಳಿಯುತ್ತದೆ. ಅವರು ನಿಂತಲ್ಲೇ ನಿಲ್ಲುತ್ತಾರೆ. ಗಾಲಿಕುರ್ಚಿಯವರಂತೂ ಮನೆಯಿಂದ ಹೊರಡುವುದೇ ಇಲ್ಲ. ಊರಿನ ದಾಖಲೆಯಲ್ಲಿ ಮಾತ್ರ ಆ ಬೀದಿಯ ಹಿಮ ತೆಗೆದಾಗಿದೆ.

ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಅನ್ನುವ ಸಣ್ಣ ಊರಿನವರು ಮೊದಲು ರಸ್ತೆ, ಆಮೇಲೆ ಫುಟ್‌ಪಾತ್ ಅನ್ನುವ ಈ ಸರದಿಯನ್ನು ಬದಲಾಯಿಸಿದರು. ಮೊದಲು ಫುಟ್‌ಪಾತ್, ಸೈಕಲ್ ದಾರಿ, ಬಸ್ ಸ್ಟಾಪ್, ಶಿಶುವಿಹಾರದ ಸುತ್ತಮುತ್ತ. ಆಮೇಲೆ ದೊಡ್ಡ ರಸ್ತೆ. ಅವರ ಲೆಕ್ಕ ಸರಳ. ನಾಲ್ಕು ಬೆರಳು ಹಿಮದಲ್ಲಿ ಕಾರು ಹೇಗೋ ಹೋಗುತ್ತದೆ, ತಳ್ಳುಗಾಡಿ ಹೋಗುವುದಿಲ್ಲ. ಜಾರುವ ದಿನಗಳಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವವರಲ್ಲಿ ಕಾರಿನವರಿಗಿಂತ ನಡೆಯುವವರೇ ಹೆಚ್ಚು. ನಡೆಯುವವರಲ್ಲಿ ಹೆಂಗಸರು ಹೆಚ್ಚು. ಮುರಿದ ಸೊಂಟಕ್ಕೆ, ಮಣಿಕಟ್ಟಿಗೆ ಚಿಕಿತ್ಸೆ ಕೊಡುವುದಕ್ಕಿಂತ ಫುಟ್‌ಪಾತ್ ಕೆರೆಯುವುದು ಅಗ್ಗ.

ಸ್ಟಾಕ್‌ಹೋಮ್ ನಗರವೂ ಇದೇ ದಾರಿ ಹಿಡಿಯಿತು. 2016ರ ನವೆಂಬರಿನಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಆ ತಿಂಗಳು ಕಾಣದಷ್ಟು ಹಿಮ ಸುರಿಯಿತು. ನಗರ ಸ್ತಬ್ಧವಾಯಿತು, ಬಸ್ಸು ನಿಂತವು, ಫುಟ್‌ಪಾತುಗಳೂ ಹೂತೇ ಇದ್ದವು. ಹೊಸ ಸರದಿಯನ್ನು ಎಲ್ಲರೂ ಬೈದರು, ಲೇವಡಿ ಮಾಡಿದರು. ನನಗೆ ಆ ಲೇವಡಿ ಸರಿ ಕಾಣುವುದಿಲ್ಲ. ಅಷ್ಟು ಹಿಮಕ್ಕೆ ಯಾವ ಸರದಿಯಾದರೂ ಸೋಲುತ್ತಿತ್ತು. ಯಾರು ಮೊದಲು ಅನ್ನುವುದು ಒಂದು ಪ್ರಶ್ನೆ. ಗಾಡಿ, ಜನ ಸಾಕಷ್ಟು ಇದ್ದಾರಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೊದಲನೆಯದನ್ನು ದೂರಿ ಪ್ರಯೋಜನ ಇಲ್ಲ. ಅದಕ್ಕೇ ಮೊದಲ ದಿನ ಊರು ನಿಲ್ಲಲಿ ಅನ್ನುವುದು. ಕಾರುಗಳು ಮನೆಯಲ್ಲಿದ್ದರೆ ಇರುವ ಗಾಡಿಗಳನ್ನೇ ಫುಟ್‌ಪಾತಿಗೆ, ಆಸ್ಪತ್ರೆ ದಾರಿಗೆ ಕಳಿಸಬಹುದು.

ಉಪ್ಪಿನ ಬಗ್ಗೆ ಎರಡೇ ಮಾತು. ಮಾಮೂಲಿ ಉಪ್ಪು ಸುಮಾರು ಮೈನಸ್ 9 ಡಿಗ್ರಿಯ ಕೆಳಗೆ ಬಹಳ ಮಂದವಾಗುತ್ತದೆ. ಅಂಥ ಚಳಿಯಲ್ಲಿ ಅದನ್ನು ಸುಮ್ನೆ ಸುರಿದರೆ ಕೆರೆ, ಹೊಳೆ, ಮರದ ಬೇರು ಹಾಳಾಗುತ್ತವೆ ಅಷ್ಟೇ. ಆಗ ಮರಳು ಹಾಕಿ, ಕಾಲಿಗೆ ಹಿಡಿತ ಸಿಕ್ಕರೆ ಸಾಕು.

ಮನೆ ಮುಂದಿನ ಹಿಮ ತೆಗೆಯುವವರಿಗೂ ಒಂದು ಲೆಕ್ಕ ಹೇಳುತ್ತೇನೆ. ಹತ್ತು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದಾರಿಯಲ್ಲಿ 20 ಸೆಂಟಿಮೀಟರ್ ಹಿಮ ಬಿದ್ದಿದೆ ಅನ್ನಿ. ಅದು 3 ಘನ ಮೀಟರ್. ಒಣ ಹಿಮವಾದರೆ ಸುಮಾರು 300 ಕಿಲೋ. ಋತುವಿನ ಮೊದಲ ಹಿಮ ಹೆಚ್ಚಾಗಿ ಒದ್ದೆಯಾಗಿರುತ್ತದೆ. ಆಗ ತೂಕ ಸುಲಭವಾಗಿ ಎರಡು ಪಟ್ಟು. ಬೇಸಿಗೆಯಿಡೀ ಮೈ ಬಗ್ಗಿಸದವರು ಮುಂಜಾನೆಯ ಚಳಿಯಲ್ಲಿ, ಉಸಿರು ಬಿಗಿಹಿಡಿದು ಇಷ್ಟನ್ನು ಎತ್ತಿ ಎಸೆಯುತ್ತಾರೆ. ಚಳಿಗೆ ರಕ್ತನಾಳ ಕುಗ್ಗಿರುತ್ತದೆ, ರಕ್ತದೊತ್ತಡ ಏರುತ್ತದೆ. ಹಿಮ ಕೆದಕುವಾಗ ಹೃದಯಾಘಾತವಾಗುವುದು ವೈದ್ಯರಿಗೆ ಹೊಸ ಸುದ್ದಿಯಲ್ಲ. ಎತ್ತಬೇಡಿ, ತಳ್ಳಿ. ಸಲಿಕೆ ಅರ್ಧ ತುಂಬಿದರೆ ಸಾಕು. ಹಿಮ ಬೀಳುತ್ತಿರುವಾಗಲೇ ಒಂದೆರಡು ಸಲ ತಳ್ಳಿದರೆ ಕೊನೆಗೆ ಹೊರೆ ಕಡಿಮೆ. ಎದೆ ಹಿಡಿದ ಹಾಗಾದರೆ ಅಲ್ಲಿಗೇ ಬಿಡಿ, ಸಹಾಯಕ್ಕೆ ಕರೆಯಿರಿ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಬಾಗಿಲ ಮುಂದಿನದನ್ನೂ ನೀವೇ ತಳ್ಳಿಬಿಡಿ. ನಿಮ್ಮ ಹರೆಯದ ಮಕ್ಕಳನ್ನು ಕಳಿಸಿ. ಅಗ್ನಿಶಾಮಕದವರು ನೀರು ಹಿಡಿಯುವ ನಲ್ಲಿ ನಿಮ್ಮ ಬೀದಿಯಲ್ಲಿದ್ದರೆ ಅದರ ಸುತ್ತಲೂ ಒಂದಾಳು ನಿಲ್ಲುವಷ್ಟು ಜಾಗ ಮಾಡಿ.

ಹಿಮ ಸರಿಸುವ ಗಾಡಿ ಓಡಿಸುವವರನ್ನು ಬೈಯಬೇಡಿ. ನಾವು ಮಲಗಿರುವಾಗ, ಮುಂದೆ ಏನೂ ಕಾಣದ ಬಿಳುಪಿನಲ್ಲಿ, ನಿಲ್ಲಿಸಿದ ಕಾರುಗಳ ನಡುವೆ ಆ ಅಗಲದ ಅಲಗನ್ನು ತೂರಿಸಿಕೊಂಡು ಹೋಗುವುದು ಸಣ್ಣ ಕೆಲಸವಲ್ಲ. ಕಾರನ್ನು ಬೀದಿಯಿಂದ ತೆಗೆದಿಟ್ಟರೆ ಅದೇ ಅವರಿಗೆ ದೊಡ್ಡ ಉಪಕಾರ.

ಇಷ್ಟು ಹೇಳಿ ಸಂಭ್ರಮದ ಮಾತು ಬಿಟ್ಟರೆ ಈ ಪತ್ರ ಅರ್ಧಕ್ಕೆ ನಿಂತಂತೆ. ಹಿಮವನ್ನು ಬರೀ ಸಮಸ್ಯೆ ಅಂತ ನೋಡುವ ಆಡಳಿತವೂ ನನಗೆ ಬೇಡ.

ದೊಡ್ಡ ಹಿಮ ಬಿದ್ದ ಮುಂಜಾನೆ ಎದ್ದ ಕೂಡಲೇ ಕಿವಿಗೆ ಗೊತ್ತಾಗುತ್ತದೆ. ಪರದೆ ಸರಿಸುವುದೂ ಬೇಕಿಲ್ಲ. ಹೊಸ ಹಿಮದಲ್ಲಿ ಹಿಮಕ್ಕಿಂತ ಗಾಳಿಯೇ ಜಾಸ್ತಿ. ಆ ಸಣ್ಣ ಸಣ್ಣ ಸಂದುಗಳು ಸದ್ದನ್ನು ನುಂಗಿಬಿಡುತ್ತವೆ. ಹೊರಗೆ ಬಂದು ಕಪ್ಪು ಉಣ್ಣೆಯ ತೋಳು ಚಾಚಿ ನಿಲ್ಲಿ. ಒಂದೆರಡು ಹಿಮದ ಹಳಕು ಬಂದು ಕೂರುತ್ತವೆ. ಉಸಿರು ತಾಗದಂತೆ ಹತ್ತಿರದಿಂದ ನೋಡಿ. ಆರು ತೋಳು. ಪ್ರತಿ ತೋಳಿಗೂ ಎರಡೂ ಕಡೆ ಸಣ್ಣ ಸಣ್ಣ ಕವಲು. ಕವಲಿನ ತುದಿ ಸೂಜಿಯಷ್ಟು ಚೂಪು. ಮೊದಲು ತುದಿಗಳು ಮೊಂಡಾಗುತ್ತವೆ, ಕವಲು ಒಂದಕ್ಕೊಂದು ಅಂಟುತ್ತವೆ, ಆಮೇಲೆ ಒಂದು ಹನಿ. ಯಾವಾಗಲೂ ಆರೇ ಯಾಕೆ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ತಲೆ ಕೆಡಿಸಿಕೊಂಡು ಬರೆದಿದ್ದರು. ಜಪಾನಿನ ಹೊಕ್ಕಾಯ್ಡೊದಲ್ಲಿ ಉಕಿಚಿರೋ ನಕಾಯಾ ಅನ್ನುವ ವಿಜ್ಞಾನಿ 1936ರಲ್ಲಿ ಪ್ರಯೋಗಾಲಯದ ಚಳಿಕೋಣೆಯಲ್ಲಿ, ಮೊಲದ ಕೂದಲಿನ ಮೇಲೆ ಹಿಮದ ಹರಳು ಬೆಳೆಸಿದರು. ಮೋಡದ ಚಳಿ, ತೇವ ಎಷ್ಟಿದೆ ಅನ್ನುವುದರ ಮೇಲೆ ಹರಳಿನ ರೂಪ ನಿಂತಿದೆ ಅಂತ ಅವರು ತೋರಿಸಿದರು. ಮೈನಸ್ 15 ಡಿಗ್ರಿಯ ಆಸುಪಾಸಿನಲ್ಲಿ ಬೆಳೆದವು ಕವಲೊಡೆದ ನಕ್ಷತ್ರಗಳು. ಮೈನಸ್ 5ರ ಸುಮಾರಿಗೆ ಬರುವುದು ಸೂಜಿಗಳು. ತೋಳಿನ ಮೇಲೆ ಕೂತ ಹಳಕನ್ನು ನೋಡಿದರೆ ಮೇಲೆ ಎಷ್ಟು ಚಳಿ ಇತ್ತು ಅಂತ ಒಂದು ಮಗುವೂ ಊಹಿಸಬಹುದು. ಇಂಥ ಪಾಠ ಬೇರೆ ಯಾವ ದಿನ ಸಿಗುತ್ತದೆ ಹೇಳಿ?

ಅದಕ್ಕೇ ಶಾಲೆಯವರಿಗೆ ನನ್ನ ಬೇಡಿಕೆ: ಹಿಮದ ರಜೆಯನ್ನು ಆನ್‌ಲೈನ್ ತರಗತಿಗೆ ಬಲಿ ಕೊಡಬೇಡಿ. 2024ರ ಫೆಬ್ರವರಿ 13ರಂದು ನ್ಯೂಯಾರ್ಕ್ ನಗರ ಹಿಮದ ದಿನ ಮಕ್ಕಳನ್ನು ಮನೆಯಿಂದಲೇ ಓದಲು ಹೇಳಿತು. ಎಷ್ಟೋ ಮಕ್ಕಳಿಗೆ ಲಾಗಿನ್ ಆಗಲೇ ಇಲ್ಲ. ಹಿಮವೂ ಹೋಯಿತು, ಪಾಠವೂ ಹೋಯಿತು. 2020ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಜೆಫರ್ಸನ್ ಕೌಂಟಿಯ ಶಾಲೆಗಳ ಮುಖ್ಯಸ್ಥೆ ಬೇರೆ ದಾರಿ ಹಿಡಿದರು. ಆನ್‌ಲೈನ್ ಪಾಠಕ್ಕೆ ಎಲ್ಲ ಸೌಕರ್ಯ ಇದ್ದರೂ ಅವತ್ತು ಅದೂ ಬೇಡ, ಮಕ್ಕಳು ಹಿಮದಲ್ಲಿ ಆಡಲಿ ಅಂತ ಪೋಷಕರಿಗೆ ಪತ್ರ ಬರೆದರು. ಕೋವಿಡ್‌ನ ಆ ವರ್ಷದಲ್ಲಿ ಆ ಪತ್ರ ಎಷ್ಟು ಜನರ ಕಣ್ಣು ತೇವ ಮಾಡಿತೋ. ಎಲ್ಲ ಹಿಮಕ್ಕೂ ರಜೆ ಕೊಡಿ ಅನ್ನುತ್ತಿಲ್ಲ. ಮೊದಲನೆಯದಕ್ಕೆ ಕೊಡಿ. ದಿನಗೂಲಿ ತಂದೆತಾಯಿಗೆ ಅವತ್ತು ಮಗುವನ್ನು ಎಲ್ಲಿ ಬಿಡುವುದು ಅನ್ನುವ ಚಿಂತೆ ನಿಜ. ಅವರಿಗಾಗಿ ಬೀದಿಗೆ ಹತ್ತಿರದ ಒಂದು ಬೆಚ್ಚಗಿನ ಸಭಾಂಗಣ ತೆರೆದಿಡಿ. ಆಸ್ಪತ್ರೆ, ಬಸ್ಸು, ಕರೆಂಟು ನೋಡಿಕೊಳ್ಳುವವರ ಮಕ್ಕಳೂ ಅಲ್ಲಿರಲಿ.

ಆಟಕ್ಕೆ ಹೆದರಿ ಬಾಗಿಲು ಮುಚ್ಚುವ ಊರುಗಳೂ ಇವೆ. ಅಮೆರಿಕದ ಡ್ಯುಬ್ಯೂಕ್ ನಗರ 2015ರಲ್ಲಿ ತನ್ನ 50 ಉದ್ಯಾನಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆ ಹಿಮದ ಜಾರುಬಂಡಿ ನಿಷೇಧಿಸಿತು. ಯಾರಾದರೂ ಬಿದ್ದು ಮೊಕದ್ದಮೆ ಹಾಕಿದರೆ ಅನ್ನುವ ಭಯ. ಕೊಲರಾಡೋದ ಸೆವೆರೆನ್ಸ್ ಅನ್ನುವ ಪುಟ್ಟ ಊರಲ್ಲಿ ಹಿಮದುಂಡೆ ಎಸೆಯುವುದೇ ಕಾನೂನಿಗೆ ವಿರುದ್ಧವಾಗಿತ್ತು. 2018ರ ಡಿಸೆಂಬರಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಊರಿನ ಮಂಡಳಿಯ ಮುಂದೆ ನಿಂತು ತನ್ನ ವಾದ ಹೇಳಿದ. ಮಂಡಳಿ ಒಮ್ಮತದಿಂದ ಆ ನಿಷೇಧ ತೆಗೆದುಹಾಕಿತು. ಆ ಮಂಡಳಿಯವರ ಮೇಲೆ ನನಗೆ ಬಹಳ ಗೌರವ. ಮಗುವಿನ ಮಾತನ್ನು ಕೂತು ಕೇಳಿದರಲ್ಲ.

ಅಪಾಯ ಇದೆ, ಒಪ್ಪುತ್ತೇನೆ. ಮಕ್ಕಳಿಗೆ ಪೆಟ್ಟಾಗುವುದು ನಿಷೇಧ ಇಲ್ಲದ್ದಕ್ಕಲ್ಲ, ದಿಬ್ಬದ ಕೆಳಗೆ ಮರ, ಕಂಬ, ರಸ್ತೆ ಇರುವುದಕ್ಕೆ. ಹಾಗಾಗಿ ಚಳಿಗಾಲ ಶುರುವಾಗುವ ಮೊದಲೇ ಪ್ರತಿ ಬಡಾವಣೆಯಲ್ಲೂ ಒಂದು ದಿಬ್ಬ ಗುರುತಿಸಿ. ಕೆಳಗೆ ಬಯಲು ಇರುವ ದಿಬ್ಬವಾಗಿರಲಿ. ಕಂಬಗಳಿದ್ದರೆ ಹುಲ್ಲಿನ ಪಿಂಡಿ ಕಟ್ಟಿ. ಕಡಿದಾದ ಬೀದಿಯೊಂದನ್ನು ಅವತ್ತು ಕಾರುಗಳಿಗೆ ಮುಚ್ಚಿ ಮಕ್ಕಳಿಗೆ ಬಿಡಬಹುದು. ತಂದೆತಾಯಿಗಳು ಹೆಲ್ಮೆಟ್ ಹಾಕಿಸಿ, ಕೂತು ಕಾಲು ಮುಂದಿಟ್ಟೇ ಜಾರಲು ಕಲಿಸಿ. ಹಿಮ ಸರಿಸುವ ಗಾಡಿ ಮಾಡಿದ ಗುಡ್ಡೆಯೊಳಗೆ ಗುಹೆ ತೋಡಲು ಬಿಡಬೇಡಿ. ಅದು ಕುಸಿಯುತ್ತದೆ, ಗಾಡಿ ಮತ್ತೆ ಬಂದರೆ ಚಾಲಕರಿಗೆ ಒಳಗಿರುವ ಮಗು ಕಾಣುವುದಿಲ್ಲ.

ಇದಕ್ಕೆಲ್ಲ ಹೊಸ ಇಲಾಖೆ ಬೇಕಿಲ್ಲ. ಎಲೆ ಉದುರುವ ಕಾಲದಲ್ಲೇ ಒಂದು ಹಾಳೆ ಅಚ್ಚು ಹಾಕಿಸಿ ಮನೆಮನೆಗೆ ಕೊಡಿ. ಎಷ್ಟು ಹಿಮದ ಮುನ್ಸೂಚನೆ ಬಂದರೆ ಊರು ನಿಲ್ಲುತ್ತದೆ, ಹಿಂದಿನ ಸಂಜೆ ಎಷ್ಟು ಗಂಟೆಗೆ ಘೋಷಣೆ, ಯಾವ ಫುಟ್‌ಪಾತ್ ಮೊದಲು, ಕಾರು ಎಲ್ಲಿ ನಿಲ್ಲಿಸಬೇಕು, ಬೆಚ್ಚಗಿನ ಸಭಾಂಗಣ ಎಲ್ಲಿ, ಜಾರುವ ದಿಬ್ಬ ಯಾವುದು, ಇಷ್ಟು ಅದರಲ್ಲಿರಲಿ. ಊರಿನ ಎಲ್ಲರೂ ಓದಬಲ್ಲ ಭಾಷೆಗಳಲ್ಲಿರಲಿ. ಹಿಮವನ್ನೇ ಕಾಣದ ನಾಡುಗಳಿಂದ ಬಂದು ನೆಲೆಸಿದವರಿಗೆ ಅದು ಬೇರೆಯವರಿಗಿಂತ ಜಾಸ್ತಿ ಬೇಕು. ಕೆಲಸ ಕೊಟ್ಟವರು ಆ ದಿನದ ಸಂಬಳ ಕತ್ತರಿಸಬಾರದು ಅನ್ನುವುದನ್ನೂ ಅದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಬಡವರು ಅವತ್ತೂ ರಸ್ತೆಗಿಳಿಯುತ್ತಾರೆ, ಅವರಿಗೆ ಬೇರೆ ದಾರಿ ಇರುವುದಿಲ್ಲ.

ಈ ಚಳಿಗಾಲಕ್ಕೆ ಮುಂಚೆ ನಿಮ್ಮ ಉತ್ತರ ಬರಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಹಿಮ ಬೀಳುವ ಊರಿನ ಒಬ್ಬ ನಿವಾಸಿ